ನಡೆಯೇ ನುಡಿಯಾದ ಮಕ್ಕಳು
ಸ್ವಲೀನತೆಯುಳ್ಳ ಮಕ್ಕಳಿಗೆ ಒದಗುವ ಪೀಡೆಯೂ ಸದ್ಭಕ್ತರ ಕರ್ತವ್ಯವೂ

ಶರಣರ ವಚನಗಳಲ್ಲಿ ನಡೆ, ನುಡಿ ಎಂಬೆರಡು ಶಬ್ದಗಳು ಮೇಲಿಂದ ಮೇಲೆ ಜೋಡಿಯಾಗಿ ಬರುತ್ತವೆ. ನುಡಿಗೆ ನಡೆಯು ಸಾಕ್ಷಿಯಾಗಬೇಕು, ನಡೆಯಿಲ್ಲದ ನುಡಿಯು ಬರಿಯ ಶಬ್ದಜಾಲ ಎಂಬುದು ಅವರ ನಿಶ್ಚಿತವಾದ ಅಭಿಪ್ರಾಯ. ಈ ಪಾಠವನ್ನು ಸದ್ಭಕ್ತರು ಬಾಲ್ಯದಿಂದಲೂ ಕೇಳುತ್ತ ಬಂದಿರುವರು. ಆದರೆ ಇದರ ಇನ್ನೊಂದು ಮುಖವು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ನುಡಿಯೇ ಒದಗದವರು, ಅಥವಾ ನುಡಿಯಿದ್ದೂ ಅದರಿಂದ ತಮ್ಮ ಸುಖದುಃಖಗಳನ್ನು ಹೊರಗೆಡಹಲಾರದವರು ಎಷ್ಟೋ ಮನೆಗಳಲ್ಲಿ ಇರುವರು. ಅವರ ಪಾಲಿಗೆ ನಡೆಯೇ ನುಡಿ. ಆ ನಡೆಯನ್ನು ಓದಬಲ್ಲವರು ಮನೆಯಲ್ಲಿ ಇಲ್ಲದಿದ್ದರೆ ಅವರ ನೋವು ಒಳಗೇ ಉಳಿಯುತ್ತದೆ. ಕೆಲವೊಮ್ಮೆ ಅನರ್ಥದಲ್ಲಿ ಮುಗಿಯುತ್ತದೆ.

ಸ್ವಲೀನತೆಯುಳ್ಳ ಮಕ್ಕಳು ಇಂಥವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಗೃಹಸ್ಥರನ್ನು ಮನಸ್ಸಿನಲ್ಲಿರಿಸಿಕೊಂಡು, ಇಂಥ ಮಕ್ಕಳು ಶಾಲೆಯಲ್ಲಿಯೂ ಓಣಿಯಲ್ಲಿಯೂ ಪೀಡೆಗೆ ಒಳಗಾದಾಗ ಅದನ್ನು ಅರಿಯುವ ಬಗೆಯನ್ನೂ ತಡೆಯುವ ಬಗೆಯನ್ನೂ ಇಲ್ಲಿ ವಿಚಾರಿಸಲಾಗಿದೆ.

ಸ್ವಲೀನತೆ ಎಂದರೇನು?

ವೈದ್ಯರು ಆಟಿಸಂ ಎಂದು ಕರೆಯುವ ಸ್ಥಿತಿಗೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ರೂಢಿಯಾಗಿದೆ. ಶಬ್ದಾರ್ಥವನ್ನು ನೋಡಿದರೆ ‘ಸ್ವ’ ಎಂದರೆ ತಾನು, ‘ಲೀನ’ ಎಂದರೆ ಸೇರಿಹೋದದ್ದು. ಆದುದರಿಂದ ತನ್ನಲ್ಲಿಯೇ ಮುಳುಗಿದವನು, ಪರರ ಗೊಡವೆ ಬೇಡವಾದವನು ಎಂದು ಅರ್ಥಮಾಡುವವರುಂಟು. ಶಬ್ದವು ಹಾಗೆ ಹೇಳಿದರೂ ವಸ್ತುಸ್ಥಿತಿ ಹಾಗಿಲ್ಲ. ಈ ಮಕ್ಕಳಲ್ಲಿ ಬಹುಮಂದಿಗೆ ಗೆಳೆಯರು ಬೇಕು. ಗೆಳೆತನವನ್ನು ಕಟ್ಟುವ ದಾರಿ ಮಾತ್ರ ಅವರಿಗೆ ಬೇರೆ. ಶಬ್ದಾರ್ಥವನ್ನೇ ಹಿಡಿದು ‘ಅವನಿಗೆ ಏನೂ ತಿಳಿಯುವದಿಲ್ಲ, ಏನೂ ನೋಯುವದಿಲ್ಲ’ ಎಂದು ನಂಬಿದ್ದರಿಂದಲೇ ಎಷ್ಟೋ ಪೀಡೆಗಳು ಪೀಡೆಗಳೆಂದು ಯಾರಿಗೂ ತೋರದೆ ಹೋಗಿವೆ.

ಅಮೇರಿಕೆಯ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯನು 1943ರಲ್ಲಿ ಹನ್ನೊಂದು ಮಕ್ಕಳ ಲಕ್ಷಣಗಳನ್ನು ಬರೆದು ಪ್ರಕಟಿಸಿದನು. ಮರುವರ್ಷ ವಿಯೆನ್ನಾ ನಗರದ ಹಾನ್ಸ್ ಆಸ್ಪರ್ಗರನು ಇಂಥದೇ ಲಕ್ಷಣಗಳುಳ್ಳ ಬಾಲಕರ ವಿಷಯವಾಗಿ ಬರೆದನು. ಮುಂದೆ ಕೆಲಕಾಲ, ತಾಯಿಯ ಪ್ರೀತಿ ಸಾಲದ್ದರಿಂದ ಮಗು ಹೀಗಾಗುತ್ತದೆಂಬ ಕ್ರೂರವಾದ ವಾದವು ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿತ್ತು. ಅದು ಸುಳ್ಳೆಂದು ಸಿದ್ಧವಾಗಿದೆ. ಲಸಿಕೆಯಿಂದ ಹೀಗಾಗುತ್ತದೆಂದು 1998ರಲ್ಲಿ ಹೊರಟ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇದು ಅಂಟುವ ಜಾಡ್ಯವಲ್ಲ, ದೆವ್ವದ ಸೋಂಕಲ್ಲ, ಹೆತ್ತವರ ತಪ್ಪಲ್ಲ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭೇದವಿದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದ ಸುಮಾರು 127 ಜನರಲ್ಲಿ ಒಬ್ಬರು ಸ್ವಲೀನತೆಯುಳ್ಳವರು. ಈ ಲೆಕ್ಕದಿಂದ ನಾಲ್ಕುನೂರು ಮಕ್ಕಳ ಒಂದು ಶಾಲೆಯಲ್ಲಿ ಇಂಥವರು ಮೂವರಾದರೂ ಇರುವ ಸಂಭವವುಂಟು.

ಲಕ್ಷಣಗಳು ಎಲ್ಲರಲ್ಲಿ ಒಂದೇ ತೆರನಾಗಿರುವದಿಲ್ಲ. ಒಂದು ಮಗು ಮಾತೇ ಆಡದು. ಇನ್ನೊಂದು ರೈಲುಗಳ ವೇಳಾಪತ್ರಿಕೆಯನ್ನು ಕಂಠಪಾಠ ಒಪ್ಪಿಸೀತು, ಆದರೆ ‘ಹೇಗಿದ್ದೀ?’ ಎಂದು ಕೇಳಿದರೆ ಸುಮ್ಮನಾದೀತು. ಕಣ್ಣಿಗೆ ಕಣ್ಣಿಟ್ಟು ನೋಡದಿರುವದು, ಕೇಳಿದ ಮಾತನ್ನೇ ತಿರುಗಿ ನುಡಿಯುವದು, ಕೈಗಳನ್ನು ಪಟಪಟನೆ ಬಡಿಯುವದು, ದಿನದ ಕ್ರಮ ತಪ್ಪಿದರೆ ಕಳವಳಗೊಳ್ಳುವದು, ಗದ್ದಲವನ್ನಾಗಲಿ ಕೆಲವು ಬಟ್ಟೆ ವಾಸನೆಗಳನ್ನಾಗಲಿ ಸಹಿಸದಿರುವದು ಇವು ಮುಖ್ಯವಾದವು. ಹೆಣ್ಣುಮಕ್ಕಳು ಇತರರನ್ನು ನೋಡಿ ಅವರಂತೆ ನಡೆಯಲು ಬಹಳ ಶ್ರಮಪಡುವದರಿಂದ ಅವರಲ್ಲಿ ಇದು ತಡವಾಗಿ ಗುರುತಿಗೆ ಬರುತ್ತದೆ. ‘ಸಂಕೋಚದ ಹುಡುಗಿ’ ಎಂಬ ಹೆಸರಿನಲ್ಲಿ ಮರೆಯಾಗಿಬಿಡುತ್ತದೆ.

ವಿನೋದದ ವೇಷದಲ್ಲಿ ಬರುವ ಪೀಡೆ

ಅಮೇರಿಕೆಯಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ವಲೀನತೆಯುಳ್ಳ ಹರೆಯದ ಮಕ್ಕಳಲ್ಲಿ 100ಕ್ಕೆ ಸುಮಾರು 46 ಮಕ್ಕಳು ಶಾಲೆಯಲ್ಲಿ ಪೀಡೆಗೆ ಒಳಗಾಗಿದ್ದರೆಂದು ಪಾಲಕರು ತಿಳಿಸಿದರು. ಪಾಲಕರಿಗೆ ತಿಳಿಯದೆ ಉಳಿದವು ಬೇರೆ. ಇಷ್ಟು ದೊಡ್ಡ ಸಂಖ್ಯೆ ಕಣ್ಣಿಗೆ ಬೀಳದಿರುವದಕ್ಕೆ ಕಾರಣವೇನೆಂದರೆ, ಈ ಪೀಡೆಯು ಬಹಳವಾಗಿ ವಿನೋದದ ವೇಷದಲ್ಲಿರುತ್ತದೆ. ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಅಣಕ. ಮಗು ಕೈ ಬಡಿದಂತೆ ತಾವೂ ಬಡಿಯುವದು, ಅದರ ದನಿಯನ್ನು ಅನುಕರಿಸುವದು, ಹುಚ್ಚ, ಮಂಕ, ಮೂಗ ಎಂದು ಕೂಗುವದು. ಈಗ ಇದಕ್ಕೆ ಮೊಬೈಲೂ ಸೇರಿದೆ. ಮಗು ಅಳುವದನ್ನು ಚಿತ್ರೀಕರಿಸಿ ಊರೆಲ್ಲ ಹಂಚುವವರುಂಟು.

ಎರಡನೆಯದು ಕೆಣಕು. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಧ್ವನಿವರ್ಧಕ ಹಚ್ಚಿಕೊಂಡು ಕಾರಖಾನೆಯತ್ತ ಹೋಗುವದು ಈ ಸೀಮೆಯ ಎಲ್ಲ ರಸ್ತೆಗಳಲ್ಲಿ ಕಾಣುವ ದೃಶ್ಯ. ಆ ಸದ್ದಿಗೆ ಒಬ್ಬ ಹುಡುಗ ಕಿವಿ ಮುಚ್ಚಿ ಕುಳಿತುಬಿಡುವನೆಂಬುದನ್ನು ಒಮ್ಮೆ ಕಂಡ ಸಹಪಾಠಿಗಳು, ಮರುದಿನ ವರ್ಗದಲ್ಲಿ ಅವನ ಕಿವಿಯ ಬಳಿ ಗಾಳಿ ತುಂಬಿದ ಕಾಗದದ ಚೀಲವನ್ನು ಒಡೆಯುತ್ತಾರೆ. ಅವನು ಚೀರಿ ಕೈಗೆ ಸಿಕ್ಕದ್ದನ್ನು ಎಸೆಯುತ್ತಾನೆ. ಒಳಗೆ ಬಂದ ಮಾಸ್ತರರಿಗೆ ಎಸೆದದ್ದು ಕಾಣುತ್ತದೆ, ಒಡೆದದ್ದು ಕಾಣುವದಿಲ್ಲ. ಕಿಡಿ ಹಚ್ಚಿದವನು ಗುಂಪಿನಲ್ಲಿ ಅಡಗುತ್ತಾನೆ, ಉರಿದವನಿಗೆ ಶಿಕ್ಷೆಯಾಗುತ್ತದೆ.

ಮೂರನೆಯದು ನಂಬಿಕೆಯ ದುರುಪಯೋಗ. ಈ ಮಕ್ಕಳಲ್ಲಿ ಹಲವರಿಗೆ ಹೇಳಿದ ಮಾತಿಗೆ ಹೇಳಿದಷ್ಟೇ ಅರ್ಥ. ವ್ಯಂಗ್ಯವೂ ಕುಹಕವೂ ಅವರಿಗೆ ದಕ್ಕುವದಿಲ್ಲ. ‘ಅಕ್ಕೋರಿಗೆ ಈ ಮಾತು ಹೇಳಿ ಬಾ, ನೀ ನಮ್ಮ ದೋಸ್ತ’ ಎಂದು ಕೆಟ್ಟ ಮಾತನ್ನು ಕಲಿಸಿ ಕಳಿಸಿದರೆ ಮಗು ಹೋಗಿ ಹೇಳುತ್ತದೆ. ಡಬ್ಬಿಯ ತಿನಿಸು, ಜೇಬಿನ ಹಣ ಎಲ್ಲವನ್ನೂ ಗೆಳೆತನದ ಹೆಸರಿನಲ್ಲಿ ಕೊಟ್ಟುಬಿಡುತ್ತದೆ. ಕಾಡುವವರನ್ನೇ ಗೆಳೆಯರೆಂದು ಮನೆಯಲ್ಲಿ ಸಂತೋಷದಿಂದ ಹೆಸರಿಸುವದೂ ಉಂಟು.

ನಾಲ್ಕನೆಯದು ಹೊರಗಿಡುವದು. ಬಿಸಿಯೂಟದ ಸಾಲಿನಲ್ಲಿ ಪಕ್ಕಕ್ಕೆ ಯಾರೂ ಕೂಡದಿರುವದು, ಆಟದಲ್ಲಿ ಕಡೆಯವರೆಗೂ ಆರಿಸದಿರುವದು. ಇದರಿಂದ ಮೈಮೇಲೆ ಗಾಯವಾಗುವದಿಲ್ಲ. ಆದುದರಿಂದ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ.

ಈ ನಾಲ್ಕರ ಜೊತೆಗೆ ದೊಡ್ಡವರ ಪೀಡೆಯೊಂದುಂಟು. ಮದುವೆಯ ಚಪ್ಪರದಲ್ಲಿ ತಾಯಿಯ ಎದುರಿಗೇ ‘ಇದು ಯಾವ ಜನ್ಮದ ಕರ್ಮವೋ’ ಎಂದು ನಿಟ್ಟುಸಿರು ಬಿಡುವ ಬಂಧುಗಳು ತಾವು ಮರುಗುತ್ತಿರುವೆವೆಂದು ತಿಳಿದಿರುತ್ತಾರೆ. ಲಿಂಗಧಾರಣೆಯಾದ ಮೇಲೆ ಭಕ್ತನ ಪೂರ್ವಾಶ್ರಯವನ್ನು ಕೇಳಬಾರದೆಂಬುದು ವೀರಶೈವದ ಕಟ್ಟಳೆ. ಹುಟ್ಟಿದ ಕೂಸಿಗೆ ಲಿಂಗವನ್ನು ಕಟ್ಟುವಾಗ ಇದು ಮುಂದೆ ಮಾತನಾಡುವದೋ ಇಲ್ಲವೋ ಎಂದು ಗುರುವು ವಿಚಾರಿಸುವದಿಲ್ಲ. ಹೀಗಿರಲು ಅದೇ ಕೂಸಿನ ಪೂರ್ವಕರ್ಮವನ್ನು ಎಣಿಸುವ ಅಧಿಕಾರವು ಚಪ್ಪರದಲ್ಲಿ ಕುಳಿತವರಿಗೆ ಎಲ್ಲಿಂದ ಬಂದೀತು?

ಮಹಾಮನೆಯಲ್ಲಿಯೂ ಕಾಣದೆ ಉಳಿದವನು

ಬಸವಣ್ಣನವರು ಮನುಷ್ಯನ ಅಂತರಂಗ ಬಹಿರಂಗಗಳ ಶುದ್ಧಿಗೆ ಬೇಕಾದ ಶೀಲಗಳನ್ನು ಎಣಿಸುವಾಗ, ಕಳವು ಕೊಲೆಗಳಂಥ ಮಹಾದೋಷಗಳ ಸಾಲಿನಲ್ಲಿಯೇ ಇತರರನ್ನು ಕಂಡು ಅಸಹ್ಯಪಡುವದನ್ನೂ ಹಳಿಯುವದನ್ನೂ ಇರಿಸಿದ್ದಾರೆ. ಇದು ಸೂಕ್ಷ್ಮವಾಗಿ ನೋಡತಕ್ಕ ಸಂಗತಿ. ಕೊಲೆಯನ್ನು ಪಾಪವೆಂದು ಒಪ್ಪುವ ಲೋಕವು ಗೇಲಿಯನ್ನು ಪಾಪವೆಂದು ಒಪ್ಪುವದಿಲ್ಲ. ಶರಣರಾದರೋ ಎರಡನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದರು. ಎರಡರ ಬೇರೂ ಎದುರಿನ ಜೀವವು ತನಗಿಂತ ಕಡಿಮೆಯದೆಂಬ ಭಾವದಲ್ಲಿದೆ.

ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಪ್ರಸಂಗವು ಇಲ್ಲಿ ಮನನಯೋಗ್ಯವಾಗಿದೆ. ಕಲ್ಯಾಣದ ಮಹಾಮನೆಯಲ್ಲಿ ಪ್ರಸಾದದ ಕುಂಡದ ಬಳಿ ಒಬ್ಬನು ವರ್ಷಗಟ್ಟಲೆ ಇದ್ದನು. ನೋಡಿದವರು ಮರುಳನೆಂದು ಬಿಟ್ಟರು. ಯಾರನ್ನೂ ಹೊರಗಿಡದ ಆ ಮನೆಯಲ್ಲಿ, ಅಷ್ಟು ಮಂದಿ ಭಕ್ತರ ನಡುವೆ, ಅವನು ಯಾರ ಕಣ್ಣಿಗೂ ಬೀಳದೆ ಉಳಿದನು. ಅಲ್ಲಮಪ್ರಭುದೇವರು ಬಂದಾಗ ಅವನ ನಿಲವನ್ನು ಗುರುತಿಸಿ ಬಸವಣ್ಣನವರಿಗೆ ತೋರಿದರು. ಇಂದಿನ ವೈದ್ಯಶಾಸ್ತ್ರದ ಹೆಸರನ್ನು ಅಂದಿನ ಶರಣನಿಗೆ ಅಂಟಿಸುವದು ಇಲ್ಲಿಯ ಉದ್ದೇಶವಲ್ಲ. ಅದು ಸರಿಯೂ ಅಲ್ಲ. ಗ್ರಹಿಸತಕ್ಕ ಅಂಶವಿಷ್ಟೇ: ಅನ್ನವಿಕ್ಕಿ ಆಶ್ರಯ ಕೊಟ್ಟರೆ ಕರ್ತವ್ಯವು ಮುಗಿಯಲಿಲ್ಲ. ಮನೆಯೊಳಗೆ ಇದ್ದವನನ್ನು ಕಾಣುವ ಕಣ್ಣೂ ಬೇಕು. ಮಹಾಮನೆಯವರಿಗೇ ಆ ಕಣ್ಣನ್ನು ಇನ್ನೊಬ್ಬರು ತೆರೆಯಬೇಕಾಯಿತೆಂದರೆ ಸಾಮಾನ್ಯ ಗೃಹಸ್ಥರ ಮಾತೇನು?

ನಡೆಯನ್ನು ಓದುವ ಬಗೆ

ಪೀಡೆಗೆ ಒಳಗಾದ ಮಗು ಮನೆಗೆ ಬಂದು ದೂರುವದೆಂದು ಕಾದು ಕೂಡಬಾರದು. ದೂರಬೇಕಾದರೆ ನಡೆದದ್ದು ಅನ್ಯಾಯವೆಂದು ತಿಳಿಯಬೇಕು, ಅದನ್ನು ಕ್ರಮವಾಗಿ ನೆನೆಯಬೇಕು, ಮಾತಿನಲ್ಲಿ ಜೋಡಿಸಬೇಕು. ಈ ಮೂರೂ ಅದಕ್ಕೆ ಕಠಿಣ. ಆದುದರಿಂದ ನಡೆಯಲ್ಲಾದ ಬದಲಾವಣೆಯನ್ನೇ ಹಿರಿಯರು ದೂರೆಂದು ತಿಳಿಯಬೇಕು.

ಬೆಳಗಿನಲ್ಲಿ ಪಾಟಿಚೀಲವನ್ನು ಕಂಡೊಡನೆ ಹೊಟ್ಟೆನೋವು ಬರುವದು, ರವಿವಾರ ಅದು ಇಲ್ಲದಿರುವದು, ನಿದ್ದೆ ಕೆಡುವದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಯಾಗುವದು ಮರಳಿ ಬರುವದು, ತನ್ನ ತಲೆಯನ್ನು ತಾನೇ ಬಡಿದುಕೊಳ್ಳುವದು ಹೆಚ್ಚುವದು, ಪೆನ್ಸಿಲು, ಡಬ್ಬಿ ಪದೇ ಪದೇ ಕಳೆಯುವದು, ಅಂಗಿಯ ಗುಂಡಿ ಹರಿದಿರುವದು, ಶಾಲೆಯ ಶೌಚಾಲಯಕ್ಕೆ ಹೋಗಲೊಲ್ಲದೆ ಸಂಜೆಯವರೆಗೆ ತಡೆದು ಮನೆಗೆ ಓಡಿ ಬರುವದು, ಮೆಚ್ಚಿನ ದಾರಿಯನ್ನು ಬಿಟ್ಟು ಸುತ್ತಿ ನಡೆಯುವದು. ಇವುಗಳಲ್ಲಿ ಒಂದೆರಡು ಇದ್ದೊಡನೆ ಪೀಡೆಯೇ ಎಂದು ನಿರ್ಧರಿಸಲಾಗದು. ಹಲ್ಲುನೋವು, ಕಿವಿನೋವುಗಳಿಂದಲೂ ಹೀಗಾದೀತು. ಆದರೆ ವಿಚಾರಿಸದೆ ‘ಹಟಮಾರಿ’ ಎಂದು ಹೊಡೆಯುವದು ಮಹಾಪರಾಧ.

ಇನ್ನೊಂದು ಲಕ್ಷಣವನ್ನು ವಿಶೇಷವಾಗಿ ಹೇಳಬೇಕು. ಕೇಳಿದ ಮಾತನ್ನು ತಿರುಗಿ ನುಡಿಯುವ ಮಗುವು ಒಂದು ದಿನ ಮನೆಯಲ್ಲಿ ಹೊಸದೊಂದು ಬೈಗುಳವನ್ನು, ಬೇರೆಯವರ ದನಿಯಲ್ಲಿ, ಮತ್ತೆ ಮತ್ತೆ ನುಡಿಯತೊಡಗುತ್ತದೆ. ಅಜ್ಜಿಯು ಬಾಯಿಗೆ ಹೊಡೆದು ಸುಮ್ಮನಾಗಿಸುತ್ತಾಳೆ. ಆದರೆ ಮಗು ಬೈದದ್ದಲ್ಲ. ತನಗೆ ಬಿದ್ದ ಬೈಗುಳವನ್ನು ಇದ್ದಂತೆ ಒಪ್ಪಿಸಿದ್ದು. ಅದು ಸಾಕ್ಷಿ ನುಡಿದಿದೆ. ಆ ಸಾಕ್ಷಿಯ ಬಾಯಿಗೆ ಹೊಡೆದರೆ ಮುಂದೆ ಎಂದೂ ಅದು ನುಡಿಯಲಾರದು. ಹಾಗೆಯೇ ಎಂದೂ ತಂಗಿಯನ್ನು ಮುಟ್ಟದವನು ಒಮ್ಮೆಲೆ ಅವಳ ಕೂದಲು ಹಿಡಿದು ಜಗ್ಗಿದರೆ, ತನಗಾದದ್ದನ್ನು ಮಾಡಿ ತೋರಿಸುತ್ತಿರಬಹುದು. ತಂಗಿಯನ್ನು ಬಿಡಿಸಬೇಕು, ಬಳಿಕ ಅವನ ತಲೆಯನ್ನು ನೋಡಬೇಕು.

ಈ ಸೀಮೆಗೆ ಸೇರಿದ ಒಂದು ಅಪಾಯವನ್ನು ಮರೆಯಲಾಗದು. ಭಯಗೊಂಡ ಮಗು ಹೇಳದೆ ಓಡುತ್ತದೆ. ಇಂಥ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ಬಹಳ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಊರುಗಳಲ್ಲಿ, ಕಾಲುವೆಯ ಬದಿಯ ತೋಟದ ಮನೆಗಳಲ್ಲಿ, ಕಟ್ಟೆಯಿಲ್ಲದ ಬಾವಿಗಳ ನಡುವೆ ಶಾಲೆಯಿಂದ ಓಡಿದ ಮಗು ಎಲ್ಲಿ ಸೇರೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗು ಕಾಣದಾದರೆ ಮೊದಲು ನೀರಿದ್ದೆಡೆ ನೋಡಬೇಕು. ಪೀಡೆಯನ್ನು ತಡೆಯುವದು ಮಾನದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ.

ಕೇಳುವ ಬಗೆ

ಸಂಶಯ ಬಂದ ಮೇಲೆ ಕೇಳಬೇಕು. ಆದರೆ ಕೇಳುವದರಲ್ಲಿಯೂ ಒಂದು ಕ್ರಮವುಂಟು. ‘ಯಾರರ ಹೊಡದಾರೇನೋ ತಮ್ಮಾ, ಇಲ್ಲೋ?’ ಎಂದು ತಂದೆಯು ಕೇಳುತ್ತಾನೆ. ಮಗುವು ‘ಇಲ್ಲೋ’ ಎನ್ನುತ್ತದೆ. ತಂದೆಗೆ ಸಮಾಧಾನವಾಗುತ್ತದೆ. ಆದರೆ ಮಗು ಉತ್ತರ ಕೊಟ್ಟಿಲ್ಲ. ಪ್ರಶ್ನೆಯ ಕಡೆಯ ಶಬ್ದವನ್ನು ತಿರುಗಿ ನುಡಿದಿದೆ. ಕನ್ನಡದಲ್ಲಿ ಇಂಥ ಪ್ರಶ್ನೆಗಳು ‘ಇಲ್ಲ’ ಎಂಬುದರಿಂದಲೇ ಮುಗಿಯುವದರಿಂದ ಈ ಮೋಸವು ಸಹಜವಾಗಿ ಆಗುತ್ತದೆ. ಮಗುವಿನ ಬಾಯಿಂದ ಬಂದ ಒಂದೇ ಶಬ್ದದ ಮೇಲೆ ತೀರ್ಪನ್ನು ಕಟ್ಟಬಾರದು.

‘ಯಾಕೆ’ ಎಂಬ ಪ್ರಶ್ನೆಯನ್ನು ಬಿಡಬೇಕು. ಅದಕ್ಕೆ ಉತ್ತರಿಸುವದು ಅತಿ ಕಷ್ಟ. ‘ಎಲ್ಲಿ’ ಎಂಬುದರಿಂದ ಆರಂಭಿಸುವದು ಲೇಸು. ಒಂದು ಕಾಗದದ ಮೇಲೆ ಶಾಲೆಯ ನಕ್ಷೆಯನ್ನು ಬರೆಯಬೇಕು: ಗೇಟು, ವರ್ಗ, ನೀರಿನ ನಳ, ಶೌಚಾಲಯ, ಅಡುಗೆಮನೆ, ಆಟದ ಬಯಲು. ನಗುವ ಮುಖ, ಅಳುವ ಮುಖಗಳ ಎರಡು ಚೀಟಿಗಳನ್ನು ಕೊಟ್ಟು ಒಂದೊಂದು ಸ್ಥಳದಲ್ಲಿ ಇಡಲು ಹೇಳಬೇಕು. ಮಾತಾಡದ ಮಗುವೂ ಅಳುವ ಮುಖವನ್ನು ನಳದ ಬಳಿ ಇಟ್ಟೀತು. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯಬೇಕು. ಮುಖ ನೋಡು ಎಂದು ಒತ್ತಾಯಿಸಬಾರದು. ಜೊತೆಗೆ ನಡೆಯುವಾಗ, ಹಸುವಿಗೆ ಮೇವು ಹಾಕುವಾಗ, ಮಗುವಿಗೆ ಪ್ರಿಯವಾದ ಕೆಲಸದ ನಡುವೆ ಕೇಳಿದರೆ ಉತ್ತರವು ಸುಲಭವಾಗಿ ಬರುತ್ತದೆ. ಮರುದಿನ ಬೇರೆ ರೀತಿಯಲ್ಲಿ ಅದನ್ನೇ ಕೇಳಿ ತಾಳೆ ನೋಡಬೇಕು.

ನಿಪ್ಪಾಣಿ, ಕಾಗವಾಡಗಳಂಥ ಗಡಿಯ ಊರುಗಳಲ್ಲಿ ಮನೆಯಲ್ಲೊಂದು ಶಾಲೆಯಲ್ಲೊಂದು ಭಾಷೆಯಿರುವದು ಸಾಮಾನ್ಯ. ಎರಡು ಭಾಷೆಗಳಿಂದ ಮಗುವಿನ ಮಾತು ಕೆಡುವದೆಂದು ಮನೆಮಾತನ್ನು ಬಿಡಿಸುವವರುಂಟು. ಎರಡು ಭಾಷೆ ಕೇಳಿ ಬೆಳೆಯುವದರಿಂದ ಸ್ವಲೀನತೆಯುಳ್ಳ ಮಕ್ಕಳಿಗೆ ಹಾನಿಯಿಲ್ಲವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ನೋವನ್ನು ಕೇಳಬೇಕಾದದ್ದು ಮಗು ಅಳುವ ಭಾಷೆಯಲ್ಲಿ, ಅದು ಕನ್ನಡವಿರಲಿ, ಮರಾಠಿಯಿರಲಿ.

ಶಾಲೆಯಲ್ಲಿ ಮಾಡತಕ್ಕದ್ದು

ಸಿಟ್ಟಿನಿಂದ ಎದುರಿನ ಹುಡುಗನ ಮನೆಯ ಬಾಗಿಲಿಗೆ ಹೋಗಿ ಜಗಳ ತೆಗೆದರೆ ಜಗಳವು ಎರಡು ಮನೆತನಗಳದಾಗುತ್ತದೆ, ಮಗು ಮರೆಯಾಗುತ್ತದೆ. ಮೊದಲು ಒಂದು ವಹಿಯಲ್ಲಿ ದಿನಾಂಕ, ಮಗುವಿನ ಸ್ಥಿತಿ, ಗಾಯ, ಕಳೆದ ವಸ್ತು, ನುಡಿದ ಶಬ್ದ ಇವನ್ನು ಬರೆದಿಡಬೇಕು. ಗಾಯದ ಚಿತ್ರವನ್ನು ತೆಗೆದಿಡಬೇಕು. ಎರಡು ವಾರದ ಬರಹದಲ್ಲಿ ಯಾವ ವಾರ, ಯಾವ ಹೊತ್ತು, ಯಾವ ಸ್ಥಳ ಎಂಬುದು ತಾನಾಗಿಯೇ ಎದ್ದು ಕಾಣುತ್ತದೆ. ಗಾಯವಾಗಿದ್ದರೆ ಎರಡು ವಾರ ಕಾಯಬಾರದು. ಅದೇ ದಿನ ಹೋಗಬೇಕು. ಮುಖ್ಯ ಗುರುಗಳಿಗೆ ಬಾಯಿಮಾತಿನ ಜೊತೆಗೆ ಬರಹದಲ್ಲಿಯೂ ತಿಳಿಸಬೇಕು. ಅಲ್ಲಿ ಪರಿಹಾರವಾಗದಿದ್ದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅವರ ಮೇಲೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು ಇದ್ದಾರೆ.

ಗುರುಗಳಾದವರು ಗಮನಿಸಬೇಕಾದದ್ದೆಂದರೆ, ಪೀಡೆಯು ಪಾಠದ ಹೊತ್ತಿನಲ್ಲಿ ಕಡಿಮೆ, ಪಾಠವಿಲ್ಲದ ಹೊತ್ತಿನಲ್ಲಿ ಹೆಚ್ಚು. ಪ್ರಾರ್ಥನೆಯ ಸಾಲು, ಬಿಸಿಯೂಟ, ಬಿಡುವು, ಮನೆಗೆ ಮರಳುವ ದಾರಿ ಇವೇ ಅಪಾಯದ ಸ್ಥಳಗಳು. ಅಲ್ಲಿ ಒಬ್ಬ ಹಿರಿಯರ ದೃಷ್ಟಿಯಿರಬೇಕು. ಗದ್ದಲ ತಾಳದಾದಾಗ ಮಗು ಹೋಗಿ ಕುಳಿತುಕೊಳ್ಳಲು ಒಂದು ಶಾಂತವಾದ ಮೂಲೆಯನ್ನು ಗೊತ್ತುಮಾಡಬೇಕು. ಗಂಟೆ ಹೊಡೆಯುವ ಮುನ್ನ, ವೇಳೆ ಬದಲಾಗುವ ಮುನ್ನ ಅದಕ್ಕೆ ತಿಳಿಸಬೇಕು. ಮಗುವು ಯಾರನ್ನಾದರೂ ಹೊಡೆದರೆ, ಅದರ ಹಿಂದಿನ ಐದು ನಿಮಿಷಗಳಲ್ಲಿ ಏನಾಯಿತೆಂದು ವಿಚಾರಿಸಿದ ಬಳಿಕವೇ ತೀರ್ಮಾನಕ್ಕೆ ಬರಬೇಕು. ಇಬ್ಬರನ್ನೂ ಎದುರು ನಿಲ್ಲಿಸಿ ಕೈ ಕುಲುಕಿಸಿ ‘ಮುಗಿಯಿತು’ ಎನ್ನುವದು ನ್ಯಾಯವಲ್ಲ. ಭಯಪಟ್ಟವನಿಗೆ ಅದು ಎರಡನೆಯ ಶಿಕ್ಷೆ.

ಮಗುವಿಗೂ ಕಲಿಸಬೇಕಾದದ್ದುಂಟು. ‘ಬೇಡ’ ಎಂದು ಹೇಳುವದು, ಹೇಳಲಾರದಿದ್ದರೆ ಕೈಯೆತ್ತಿ ತೋರಿಸುವದು. ಹೆಸರು ಗೊತ್ತುಮಾಡಿದ ಒಬ್ಬರೇ ಹಿರಿಯರ ಬಳಿ ಹೋಗುವದು. ಗೆಳೆಯನು ಅಳಿಸುವದಿಲ್ಲ, ಗುಟ್ಟಾಗಿ ಹಣ ಕೇಳುವದಿಲ್ಲ ಎಂಬ ಸರಳ ನಿಯಮಗಳನ್ನು ಆಟವಾಡಿಸಿ, ಚಿತ್ರ ತೋರಿಸಿ ರೂಢಿ ಮಾಡಿಸಬೇಕು. ಆದರೆ ಕೈ ಬಡಿಯಬೇಡ, ಕಿವಿ ಮುಚ್ಚಬೇಡ, ಎಲ್ಲರಂತಿರು ಎಂದು ಅದನ್ನೇ ತಿದ್ದುತ್ತ ಹೋಗಬಾರದು. ಆ ಚೇಷ್ಟೆಗಳಿಂದ ಅದು ತನ್ನ ಕಳವಳವನ್ನು ಶಮನಗೊಳಿಸಿಕೊಳ್ಳುತ್ತದೆ. ಕಲ್ಲೆಸೆದವನನ್ನು ಬಿಟ್ಟು ಗಾಯಗೊಂಡವನಿಗೆ ಬಗ್ಗಲು ಕಲಿಸಿದಂತಾಗಬಾರದು.

ನೋಡುತ್ತ ನಿಂತವರು

ಫಿನ್‌ಲೆಂಡ್ ದೇಶದ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ಆ ದೇಶದ ಶಾಲೆಗಳಲ್ಲಿ 2009ರಿಂದ ವ್ಯಾಪಕವಾಗಿ ಜಾರಿಗೆ ಬಂದ ಕಿವಾ ಎಂಬ ಕ್ರಮವು ಒಂದು ಸರಳ ತತ್ವದ ಮೇಲೆ ನಿಂತಿದೆ. ಕಾಡುವವನಿಗೆ ಬೇಕಾದದ್ದು ಸುತ್ತ ನಿಂತವರ ನಗೆ. ಆ ನಗೆ ನಿಂತರೆ ಕಾಟವೂ ಬಹುಮಟ್ಟಿಗೆ ನಿಲ್ಲುತ್ತದೆ. ಆದುದರಿಂದ ಅಲ್ಲಿ ನೋಡುತ್ತ ನಿಲ್ಲುವ ಮಕ್ಕಳಿಗೆ ಪಾಠವಾಗುತ್ತದೆ.

ಪ್ರತಿಯೊಂದು ವರ್ಗದಲ್ಲಿಯೂ ಮೃದು ಸ್ವಭಾವದ ಇಬ್ಬರು ಮೂವರು ಮಕ್ಕಳು ಇದ್ದೇ ಇರುವರು. ಅವರನ್ನು ಕರೆದು, ಊಟಕ್ಕೆ ಇವನ ಪಕ್ಕದಲ್ಲಿ ಕೂಡಿರಿ, ಆಟಕ್ಕೆ ಕರೆಯಿರಿ, ಯಾರಾದರೂ ಕಾಡಿದರೆ ಬಂದು ತಿಳಿಸಿರಿ ಎಂದು ಒಪ್ಪಿಸಬೇಕು. ಹೆತ್ತವರ ಸಮ್ಮತಿಯನ್ನು ಪಡೆದು ಉಳಿದ ಮಕ್ಕಳಿಗೂ ಈ ಮಗುವಿನ ರೀತಿಯನ್ನು ತಿಳಿಯುವಂತೆ ಹೇಳಬಹುದು: ಇವನಿಗೆ ಸದ್ದು ನಿಮಗಿಂತ ಹತ್ತು ಪಟ್ಟು ದೊಡ್ಡದಾಗಿ ಕೇಳಿಸಿದಂತಾಗುತ್ತದೆ ಎಂದರೆ ಹತ್ತು ವರ್ಷದ ಬಾಲಕನಿಗೂ ಅರ್ಥವಾಗುತ್ತದೆ. ಮಕ್ಕಳು ನಿರ್ದಯರಲ್ಲ, ತಿಳಿಯದವರು.

ಕಾಡಿದ ಬಾಲಕನನ್ನು ಹೊಡೆದು ತಿದ್ದುವದರಿಂದ ಬಲವುಳ್ಳವನು ಹೊಡೆಯಬಹುದೆಂಬ ಪಾಠವೇ ಗಟ್ಟಿಯಾಗುತ್ತದೆ. ಅವನಿಗೆ ಎಲ್ಲರೆದುರು ಅವಮಾನ ಮಾಡದೆ, ಒಬ್ಬನನ್ನೇ ಕರೆದು, ಮಾಡಿದ್ದನ್ನು ಹೆಸರಿಟ್ಟು ಹೇಳಿ, ಹಾನಿಯನ್ನು ತುಂಬಿಕೊಡುವ ಕೆಲಸವನ್ನು ಒಪ್ಪಿಸಬೇಕು. ಅವನು ಮನೆಯಲ್ಲಿ ಏನನ್ನು ಕೇಳಿ ಬೆಳೆದಿದ್ದಾನೆಂಬುದನ್ನೂ ನೋಡಬೇಕು. ತಂದೆಯು ಕಟ್ಟೆಯ ಮೇಲೆ ಕುಳಿತು ಊರಿನ ಅಮಾಯಕನ ಗೇಲಿ ಮಾಡಿ ನಗುವದನ್ನು ಕಂಡ ಮಗನು ಶಾಲೆಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಾನೆ. ಸದ್ಭಕ್ತರು ತಮ್ಮ ಮಗು ಪೀಡೆಗೆ ಒಳಗಾಗಿದೆಯೇ ಎಂದು ವಿಚಾರಿಸುವಷ್ಟೇ ಕಾಳಜಿಯಿಂದ, ತಮ್ಮ ಮಗು ಪೀಡಿಸುತ್ತಿದೆಯೇ ಎಂದೂ ವಿಚಾರಿಸಬೇಕು. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳುವ ಮನೆಗಳು ಕಡಿಮೆ.

ಜಾತ್ರೆಯಲ್ಲಿ, ಪ್ರಸಾದನಿಲಯದಲ್ಲಿ

ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ, ಯಡೂರಿನ ವೀರಭದ್ರದೇವರ ಜಾತ್ರೆಗಳಲ್ಲಿ ವಾದ್ಯ, ಜನಸಂದಣಿ, ಮದ್ದಿನ ಸದ್ದುಗಳು ಸಹಜ. ಅಲ್ಲಿ ಕಿವಿ ಮುಚ್ಚಿ ನೆಲಕ್ಕೆ ಕುಸಿದ ಮಗುವಿನ ಸುತ್ತ ಗುಂಪು ಕೂಡಿ, ಮೈಮೇಲೆ ಏನೋ ಬಂದಿದೆ ಎಂದು ನೀರೆರಚುವದುಂಟು. ಹರಕೆ ಹೊತ್ತು ಬಂದ ತಾಯಿಯ ಭಕ್ತಿಯನ್ನು ಯಾರೂ ಹಳಿಯಬಾರದು. ಆದರೆ ಗುಂಪನ್ನು ಸರಿಸಿ ದಾರಿ ಬಿಡುವದು, ನೆರಳಿನಲ್ಲಿ ಕೂಡಿಸುವದು, ಮಾತು ನಿಲ್ಲಿಸುವದು ಇವೇ ಆ ಹೊತ್ತಿನ ಪೂಜೆ. ಸಂದಣಿ ಕಡಿಮೆಯಿರುವ ಬೆಳಗಿನ ಜಾವದಲ್ಲಿ ದರ್ಶನ ಮಾಡಿಸಿದರೆ ಮಗುವಿಗೂ ಹಿತ.

ಮಠಗಳ ಪ್ರಸಾದನಿಲಯಗಳಲ್ಲಿ ದೂರದ ಊರಿನ ಮಕ್ಕಳು ಹೆತ್ತವರನ್ನಗಲಿ ಇರುತ್ತಾರೆ. ಅಲ್ಲಿ ರಾತ್ರಿಯ ಹೊತ್ತು, ಸ್ನಾನದ ಮನೆ ಇವು ವಿಶೇಷ ನಿಗಾ ಬೇಡುವ ಸ್ಥಳಗಳು. ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಸಮಾನವಾಗಿ ನೀಡುವದು ರೂಢಿಯಲ್ಲಿದೆ. ಪಂಕ್ತಿಯ ತುದಿಯಲ್ಲಿ ಒಬ್ಬನೇ ಕುಳಿತವನ ಪಕ್ಕಕ್ಕೆ ಹೋಗಿ ಕೂಡುವದೂ ದಾಸೋಹವೆಂದು ಹಿರಿಯ ವಿದ್ಯಾರ್ಥಿಗಳಿಗೆ ಕಲಿಸಬೇಕು.

ಬೀಡಿ ಕಟ್ಟುವ ತಾಯಿ, ಕಬ್ಬಿನ ಗದ್ದೆಗೆ ಹೋಗುವ ತಂದೆ ದಿನವಿಡೀ ಮಗುವಿನ ಜೊತೆಗೆ ಇರಲಾರರು. ನೆರೆಯವರು ಮಗುವನ್ನು ಹೆಸರಿಟ್ಟು ಕರೆಯುವದು, ಶಾಲೆಯಿಂದ ಬರುವಾಗ ಒಂದು ಕಣ್ಣಿಡುವದು ದೊಡ್ಡ ಉಪಕಾರ. ಆ ತಾಯಿಗೆ ಬೇಕಾದದ್ದು ಉಪದೇಶವಲ್ಲ. ವಾರಕ್ಕೆ ಒಂದು ಗಂಟೆಯ ವಿಶ್ರಾಂತಿ.

ಕಾನೂನಿನ ಆಶ್ರಯ

ಈ ಮಕ್ಕಳಿಗೆ ದಯೆ ಮಾತ್ರವಲ್ಲ, ಹಕ್ಕೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಎಣಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ಸೇರಿದೆ. ಅಂಗವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಇಲ್ಲವೆ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಅದು ಕೊಟ್ಟಿದೆ. ‘ಇಂಥವನು ನಮ್ಮಲ್ಲಿ ಬೇಡ’ ಎಂದು ಶಾಲೆಯು ಹೇಳಲಾಗದು. ಅದೇ ಕಾಯ್ದೆಯ 92ನೆಯ ಕಲಮಿನಂತೆ ವಿಕಲಚೇತನರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವೂ ದಂಡವೂ ಉಂಟು. ಬಾಲಕರ ಮೇಲೆ ಇದನ್ನು ಹೂಡಬೇಕೆಂದಲ್ಲ; ದೊಡ್ಡವರು ಇದನ್ನು ನೆನಪಿಡಬೇಕು. ತುರ್ತು ಪ್ರಸಂಗದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಮೈಮುಟ್ಟುವ ದುಷ್ಕೃತ್ಯದ ಸಂಶಯವಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವದು ಕಡ್ಡಾಯ; ಮನೆತನದ ಮಾನವೆಂದು ಮುಚ್ಚಿಡಬಾರದು.

ಪರೀಕ್ಷೆಗಾಗಿ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿಯೂ ಇದರ ಪರೀಕ್ಷೆ ಹಾಗೂ ತರಬೇತಿಗಳಿವೆ. ಪ್ರಮಾಣಪತ್ರ ದೊರೆತ ಮೇಲೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯುಂಟು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅವಶ್ಯಕತೆಯ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಶಾಲೆಗೆ ಕರೆಸಿಕೊಳ್ಳಬೇಕೆಂದು ಪಾಲಕರು ಕೇಳಬಹುದು. ಚೀಟಿ ಕಟ್ಟಿಸಿದರೆ ಮಗುವಿಗೆ ಹೆಸರು ಅಂಟುವದೆಂದು ಕೆಲವರು ಹಿಂಜರಿಯುತ್ತಾರೆ. ಹೆಸರು ಆಗಲೇ ಅಂಟಿರುತ್ತದೆ, ಹುಚ್ಚನೆಂದು. ಅದನ್ನು ಕಿತ್ತು ಸರಿಯಾದ ಹೆಸರನ್ನು ಇಡುವದು ಪರೀಕ್ಷೆಯ ಪ್ರಯೋಜನ.

ಮನನಕ್ಕೆ

ಈ ಪಾಠವನ್ನು ಓದಿದ ಗೃಹಸ್ಥರು ಸಂಜೆಯ ಲಿಂಗಪೂಜೆಯ ಬಳಿಕ ಮನೆಯವರೊಡನೆ ಕುಳಿತು ಈ ಕೆಳಗಿನ ಪ್ರಶ್ನೆಗಳನ್ನು ವಿಚಾರಿಸಬೇಕು.

1. ಮನೆಯಲ್ಲಿ, ಓಣಿಯಲ್ಲಿ, ಬಂಧುಗಳಲ್ಲಿ ಇಂಥ ಮಗು ಯಾವುದು? ಅದನ್ನು ಹೆಸರಿಟ್ಟು ಕರೆದು ಎಷ್ಟು ದಿನವಾಯಿತು?

2. ಆ ಮಗುವಿನ ನಡೆಯಲ್ಲಿ ಈ ತಿಂಗಳು ಯಾವ ಬದಲಾವಣೆಯಾಗಿದೆ? ಅದನ್ನು ಹಟವೆಂದು ತಿಳಿಯಲಾಗಿದೆಯೋ, ದೂರೆಂದು ತಿಳಿಯಲಾಗಿದೆಯೋ?

3. ಮನೆಯ ಮಕ್ಕಳ ಎದುರಿಗೆ ಯಾರನ್ನು ಕುರಿತು ಗೇಲಿಯ ಮಾತನ್ನು ಆಡಲಾಗಿದೆ?

4. ಶಾಲೆಯಲ್ಲಿ ಒಬ್ಬನನ್ನು ಎಲ್ಲರೂ ನಗುವಾಗ ಮನೆಯ ಮಗು ಎಲ್ಲಿ ನಿಂತಿತ್ತು?

ನುಡಿಬಲ್ಲವರ ನಡೆಯನ್ನು ಶರಣರು ಒರೆಗೆ ಹಚ್ಚಿದರು. ನುಡಿಯಲಾರದವರ ನಡೆಯನ್ನು ಓದಿ ಅವರ ಪರವಾಗಿ ನುಡಿಯುವದು ನುಡಿಬಲ್ಲವರ ಹೊಣೆ. ಆ ಹೊಣೆಯನ್ನು ಹೊತ್ತ ದಿನ ಅಂಥ ಮಗುವಿಗೆ ಶಾಲೆಯ ದಾರಿಯು ಭಯದ ದಾರಿಯಾಗಿ ಉಳಿಯದು.